ದೆವ್ವದ ಥರ ಕಾಣೋ ಕಾಕ್‌ಟೇಲ್ ಮಾಡಬೇಕು, ಬಳ್ಳಾರಿಯಲ್ಲಿ ಸಿಗೋ ಸಾಮಾನಲ್ಲೇ ಆಗುತ್ತಾ?

ಕೌಲ್‌ಬಜಾರ್ ಹುಡುಗ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ 31ಕ್ಕೆ ನಮ್ಮ ಮನೆ ಮಾಳಿಗೆ ಮೇಲೆ ಹ್ಯಾಲೋವೀನ್ ಪಾರ್ಟಿ ಇದೆ. ನಗಬೇಡಿ. ಬೆಂಗಳೂರಲ್ಲಿರೋ ತಂಗಿ ತನ್ನ ಆಫೀಸಿನ ಐದಾರು ಜನರನ್ನು ಹಂಪಿ ತೋರಿಸ್ತೀನಿ ಅಂತ ಕರೆದುಕೊಂಡು ಬರುತ್ತಿದ್ದಾಳೆ, ಅವರಿಗೆ ಆ ರಾತ್ರಿ ಏನಾದರೂ ಮಾಡಲೇಬೇಕಂತೆ. ನಮ್ಮ ಹುಡುಗರೂ ಸೇರಿದರೆ ಇಪ್ಪತ್ತು ಜನ. ಕುಡಿಯೋದರ ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದಾರೆ. ನನಗೆ ಬರೋದು ಎರಡೇ, ರಮ್ಮಿಗೆ ಕೋಲಾ, ವಿಸ್ಕಿಗೆ ನೀರು. ತಂಗಿ ಕಳಿಸಿರೋ ಫೋಟೊಗಳಲ್ಲಿ ಗ್ಲಾಸಿಂದ ಹೊಗೆ ಬರುತ್ತಿದೆ, ಒಳಗೆ ಕಣ್ಣುಗುಡ್ಡೆ ತೇಲುತ್ತಿದೆ, ಅಂಚಿಂದ ರಕ್ತ ಇಳಿಯುತ್ತಿದೆ. ಬಳ್ಳಾರಿಯಲ್ಲಿ ಡ್ರೈ ಐಸ್ ಎಲ್ಲಿ ಸಿಗುತ್ತೆ? ರಕ್ತಕ್ಕೆ ಏನು ಹಾಕಲಿ? ದಯವಿಟ್ಟು ಗೊತ್ತಿದ್ದವರು ಹೇಳಿ, ಹದಿನೈದು ದಿನ ಟೈಮಿದೆ.

ರಾಯಚೂರು ಬಿಸಿಲು:
ಹೊಗೆ ಬೇಕಾದರೆ ಶಕ್ತಿನಗರಕ್ಕೆ ಬಾ ತಮ್ಮಾ, ಥರ್ಮಲ್ ಪ್ಲಾಂಟ್ ಕೆಳಗೆ ಗ್ಲಾಸ್ ಹಿಡಿ. ಫ್ರೀ.

ಕೌಲ್‌ಬಜಾರ್ ಹುಡುಗ:
ಅಣ್ಣಾ ಸೀರಿಯಸ್ಸಾಗಿ ಕೇಳ್ತಿದೀನಿ.

ಕೆಮಿಸ್ಟ್ರಿ ಅಕ್ಕ:
ಡ್ರೈ ಐಸ್ ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಮೈನಸ್ 78 ಡಿಗ್ರಿ. ಬರಿಗೈಲಿ ಮುಟ್ಟಿದರೆ ಸುಟ್ಟ ಹಾಗೆಯೇ ಬೊಬ್ಬೆ ಏಳುತ್ತೆ. ಒಂದು ಚೂರು ಗ್ಲಾಸಲ್ಲಿ ಉಳಿದು ಯಾರಾದರೂ ನುಂಗಿದರೆ ಗಂಟಲು, ಹೊಟ್ಟೆ ಎರಡೂ ಹೋಗುತ್ತೆ. ಇಪ್ಪತ್ತು ಜನ, ಕತ್ತಲೆ, ಅರ್ಧ ಜನಕ್ಕೆ ನಶೆ. ಯಾರ ಗ್ಲಾಸಲ್ಲಿ ಚೂರು ಉಳಿದಿದೆ ಅಂತ ಯಾರು ನೋಡ್ತಾರೆ? ಬಿಡದೇ ಹಾಕಲೇಬೇಕು ಅಂದರೆ ದೊಡ್ಡ ಬೋಗುಣಿಯಲ್ಲಿ ಬೆಚ್ಚಗಿನ ನೀರು, ಅದರಲ್ಲಿ ಡ್ರೈ ಐಸ್, ಅದರ ಮಧ್ಯೆ ಇನ್ನೊಂದು ಸಣ್ಣ ಪಾತ್ರೆ ಇಟ್ಟು ಅದರಲ್ಲಿ ಡ್ರಿಂಕ್. ಹೊಗೆ ಹೊರಗಿನ ಬೋಗುಣಿಯಿಂದ ಬರುತ್ತೆ, ಕುಡಿಯೋದಕ್ಕೆ ತಾಗಲ್ಲ. ಅಂದ ಹಾಗೆ ಆ ಬಿಳಿ ಹೊಗೆ ಗಾಳಿಯಲ್ಲಿರೋ ನೀರಿನ ಹನಿ, ಚಳಿಗಾಲದ ಬೆಳಗ್ಗೆ ಬಾಯಿಂದ ಬರುತ್ತಲ್ಲ, ಆ ಥರದ್ದು.

ಬೆಂಗಳೂರಿಂದ ಬರೋರ ಕೈಲಿ ತರಿಸೋ ಯೋಚನೆ ಇದ್ದರೆ ಅದನ್ನೂ ಬಿಡು. ಥರ್ಮಾಕೋಲ್ ಡಬ್ಬಿಯಲ್ಲಿದ್ದರೂ ದಿನಕ್ಕೆ ಎರಡು ಮೂರು ಕಿಲೋ ಹಾರಿಹೋಗುತ್ತೆ. ಹೋಗೋದು ಎಲ್ಲಿಗೆ? ಕಿಟಕಿ ಹಾಕಿರೋ ಎಸಿ ಕಾರಿನ ಒಳಗೆ. ಮುನ್ನೂರು ಕಿಲೋಮೀಟರ್ ಅದನ್ನು ಉಸಿರಾಡಿಕೊಂಡು ಬರ್ತಾರಾ? ಗಾಳಿಯಾಡದ ಡಬ್ಬಿಗೆ ಹಾಕಿ ಮುಚ್ಚಿದರೆ ಡಬ್ಬಿಯೇ ಸಿಡಿಯುತ್ತೆ.

ಸತ್ಯನಾರಾಯಣಪೇಟೆ ಸೊಸೆ:
ಅಕ್ಕ ಹೇಳಿದ್ದು ಸರಿ. 2024ರಲ್ಲಿ ದಾವಣಗೆರೆ ಕಡೆ ಸ್ಮೋಕ್ ಬಿಸ್ಕೆಟ್ ತಿಂದು ಒಬ್ಬ ಹುಡುಗ ಒದ್ದಾಡಿದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತಲ್ಲ. ಅದು ಲಿಕ್ವಿಡ್ ನೈಟ್ರೋಜನ್, ಇನ್ನೂ ತಣ್ಣಗೆ, ಮೈನಸ್ 196. ಆಮೇಲೆ ನಮ್ಮ ರಾಜ್ಯದಲ್ಲಿ ತಿನ್ನೋ ಸಾಮಾನಿಗೆ ಅದನ್ನು ಹಾಗೆ ಬಳಸಬಾರದು ಅಂತ ತಡೆ ಹಾಕಿದರು. ನಮ್ಮ ಮಗ ಇವತ್ತಿಗೂ ಜಾತ್ರೆಗೆ ಹೋದರೆ ಸ್ಮೋಕ್ ಬಿಸ್ಕೆಟ್ ಎಲ್ಲಿ ಅಂತ ಕೇಳ್ತಾನೆ.

ಹಳೆ ಬಾರ್‌ಮ್ಯಾನ್:
ಗೋವಾದಲ್ಲಿ ಒಂಬತ್ತು ವರ್ಷ ಬಾರ್ ಹಿಂದೆ ನಿಂತವನು ನಾನು, ಈಗ ಗಂಗಾವತಿಯಲ್ಲಿ ಭತ್ತದ ವ್ಯವಹಾರ. ಹೊಗೆಗೆ ಚಕ್ಕೆ ಸಾಕು ತಮ್ಮಾ. ಅಡುಗೆ ಮನೆ ಚಕ್ಕೆ. ದಪ್ಪನೆಯ ಒಂದು ತುಂಡು ತಗೋ, ತುದಿಗೆ ಲೈಟರ್ ಹಿಡಿದು ಕೆಂಡ ಆಗೋವರೆಗೆ ಬಿಡು, ಸ್ಟೀಲ್ ತಟ್ಟೆ ಮೇಲಿಟ್ಟು ಅದರ ಮೇಲೆ ಖಾಲಿ ಗ್ಲಾಸ್ ಬೋರಲು ಹಾಕು. ಅರ್ಧ ನಿಮಿಷಕ್ಕೆ ಗ್ಲಾಸ್ ತುಂಬ ಬೆಳ್ಳನೆ ಹೊಗೆ. ಅವರ ಎದುರಿಗೇ ಗ್ಲಾಸ್ ಎತ್ತಿ ತಿರುಗಿಸಿ ಡ್ರಿಂಕ್ ಸುರಿ. ಹೊಗೆ ಅಂಚಿಂದ ನಿಧಾನಕ್ಕೆ ಇಳಿಯುತ್ತೆ, ವಾಸನೆಯೂ ಒಳ್ಳೇದು. ಒಂದು ಚಕ್ಕೆಗೆ ನಾಲ್ಕೈದು ಗ್ಲಾಸ್ ಬರುತ್ತೆ. ಡ್ರಿಂಕಿಗೇ ಬೆಂಕಿ ಹಚ್ಚೋ ವಿಡಿಯೊ ನೋಡಿ ಅದನ್ನು ಮಾತ್ರ ಮಾಡೋಕೆ ಹೋಗಬೇಡ. ನೈಲಾನ್ ಕೂದಲು, ಪ್ಲಾಸ್ಟಿಕ್ ಮುಖವಾಡ ಹಾಕಿಕೊಂಡಿರೋರ ಮಧ್ಯೆ ಬೆಂಕಿ ಬೇಡ.

ರಕ್ತದ ವಿಷಯ. ಇದಕ್ಕೆ ಗ್ರೆನಡೀನ್ ಅನ್ನೋ ಸಿರಪ್ ಹಾಕೋದು. ಅಂಗಡಿಯಲ್ಲಿ ಸಿಗೋದು ಹೆಚ್ಚಿನದು ಸಕ್ಕರೆ ಪಾಕ ಮತ್ತು ಬಣ್ಣ ಅಷ್ಟೇ. ಅಸಲಿಗೆ ಅದು ದಾಳಿಂಬೆ ಸಿರಪ್, ಫ್ರೆಂಚ್‌ನಲ್ಲಿ ದಾಳಿಂಬೆಗೆ ಗ್ರೆನಾಡ್ ಅಂತಾರೆ, ಅದಕ್ಕೇ ಆ ಹೆಸರು. ನಮ್ಮ ಪಕ್ಕದ ಕುಷ್ಟಗಿಯಲ್ಲಿ ದಾಳಿಂಬೆ ಇಟ್ಟುಕೊಂಡು ಬಾಟಲಿ ಬಣ್ಣ ಯಾಕೆ ಕೊಳ್ಳಬೇಕು ಹೇಳು.

ಕುಷ್ಟಗಿ ತೋಟ:
ಯಾರೋ ನಮ್ಮನ್ನ ಕರೆದ ಹಾಗಾಯ್ತು. ಸಿಪ್ಪೆ ಮೇಲೆ ಕಲೆ ಬಿದ್ದ ಹಣ್ಣು ಕೇಳಿ ತಗೊಳ್ಳಿ, ಒಳಗೆ ಕಾಳು ಚೆನ್ನಾಗೇ ಇರುತ್ತೆ, ರೇಟು ಅರ್ಧ. ಜ್ಯೂಸಿಗೆ ನಾವು ಮನೆಯಲ್ಲಿ ಅದನ್ನೇ ಹಾಕೋದು. ಕಾಳನ್ನು ಮಿಕ್ಸಿಗೆ ಹಾಕಿ ಜೋರಾಗಿ ತಿರುಗಿಸಬೇಡಿ, ಒಳಗಿನ ಬೀಜ ಒಡೆದರೆ ಒಗರು ಬರುತ್ತೆ. ಒಂದೆರಡು ಸಲ ಟಕ್ ಟಕ್ ಅನ್ನಿಸಿ, ತೆಳು ಬಟ್ಟೆಯಲ್ಲಿ ಹಿಂಡಿ. ಬಿಳಿ ಅಂಗಿ ಹಾಕಿಕೊಂಡು ಈ ಕೆಲಸಕ್ಕೆ ಕೂರಬೇಡಿ ಅಂತ ಬೇರೆ ಹೇಳಬೇಕಾ.

ಹಳೆ ಬಾರ್‌ಮ್ಯಾನ್:
ಸರಿಯಾಗಿ ಹೇಳಿದ್ರಿ ಸಾಹುಕಾರ್ರೇ. ಹಿಂಡಿದ ರಸ ಒಂದು ಲೋಟ, ಸಕ್ಕರೆ ಒಂದು ಲೋಟ. ಸಣ್ಣ ಉರಿ. ಸಕ್ಕರೆ ಕರಗಿದ ಕೂಡಲೇ ಇಳಿಸು, ಕುದಿಸಿದರೆ ಕೆಂಪು ಹೋಗಿ ಕಂದು ಆಗುತ್ತೆ, ಜಾಮ್ ವಾಸನೆ ಬರುತ್ತೆ. ಆರಿದ ಮೇಲೆ ಅರ್ಧ ನಿಂಬೆ ಹಿಂಡು. ಫ್ರಿಜ್ಜಲ್ಲಿ ಎರಡು ವಾರ ಇರುತ್ತೆ. ಪಾಕ ಭಾರ, ಹಾಗಾಗಿ ಗ್ಲಾಸಿಗೆ ಕೊನೆಗೆ ಚಮಚದ ಬೆನ್ನ ಮೇಲಿಂದ ಅಂಚಿಗೆ ಸುರಿದರೆ ನೇರ ತಳಕ್ಕೆ ಇಳಿದು ಕೂರುತ್ತೆ. ಇಳಿಯುವಾಗ ದಾರ ದಾರ ಆಗಿ ಹೋಗುತ್ತೆ ನೋಡು, ಅದೇ ರಕ್ತ.

ರಾಯಚೂರು ಬಿಸಿಲು:
ಇಷ್ಟೆಲ್ಲ ಯಾಕೆ, ಗೋಬಿ ಮಂಚೂರಿ ಅಂಗಡಿಯವನ ಹತ್ತಿರ ಒಂದು ಚಿಟಿಕೆ ಪುಡಿ ಕೇಳು.

ಸತ್ಯನಾರಾಯಣಪೇಟೆ ಸೊಸೆ:
2024ರಲ್ಲೇ ಗೋಬಿಗೂ ಬಾಂಬೆ ಮಿಠಾಯಿಗೂ ಆ ರೋಡಮೈನ್ ಬಣ್ಣ ಹಾಕಬಾರದು ಅಂತ ಸರ್ಕಾರ ಹೇಳಿದೆ. ನೀವೇ ಕುಡಿಯಿರಿ ಆ ಪುಡಿ.

ನಾಮದೊಡ್ಡಿ ಮೇಷ್ಟ್ರು:
ಓದುತ್ತಾ ಬಂದೆ, ತಡೆಯಲಾಗಲಿಲ್ಲ. ಮರುದಿನ ನವೆಂಬರ್ 1, ರಾಜ್ಯೋತ್ಸವ. ಬಳ್ಳಾರಿ 1953ರಲ್ಲಿ ಮದ್ರಾಸಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿತು, ರಾಯಚೂರು ಕೊಪ್ಪಳ 1956ರಲ್ಲಿ ಹೈದರಾಬಾದ್ ಬಿಟ್ಟು ಬಂದವು, ಎಷ್ಟು ಜನ ಅದಕ್ಕಾಗಿ ಓಡಾಡಿದ್ದಾರೆ. ಅದರ ಹಿಂದಿನ ರಾತ್ರಿ ನೀವು ಯಾವುದೋ ದೇಶದ ದೆವ್ವದ ಹಬ್ಬಕ್ಕೆ ಕುಡಿದು ಮಲಗಿ, ಬೆಳಗ್ಗೆ ಬಾವುಟ ಹಾರಿಸೋಕೆ ಏಳ್ತೀರಾ?

ಕೌಲ್‌ಬಜಾರ್ ಹುಡುಗ:
ಸರ್, ನಮ್ಮ ಓಣಿಯ ಬಾವುಟದ ಕಂಬ ನಿಲ್ಲಿಸೋನು ನಾನೇ. ಎಂಟಕ್ಕೆ ಅಲ್ಲಿರಬೇಕು, ಇರ್ತೀನಿ. ಅದಕ್ಕೇ ಹನ್ನೆರಡೂವರೆಗೆ ಪಾರ್ಟಿ ಬಂದ್ ಅಂತ ಮೊದಲೇ ಹೇಳಿದೀನಿ.

ಗಂಗಾವತಿ ಮೊಮ್ಮಗಳು:
ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ಅದೂ ಸತ್ತವರನ್ನು ನೆನೆಯೋ ದಿನವೇ. ಐರ್ಲೆಂಡಿನ ಕಡೆ ಸುಗ್ಗಿ ಮುಗಿದು ಚಳಿಗಾಲ ಶುರುವಾಗೋ ರಾತ್ರಿ ಸತ್ತವರು ಮನೆಗೆ ಬರ್ತಾರೆ ಅಂತ ನಂಬಿಕೆ, ಟರ್ನಿಪ್ ಗೆಡ್ಡೆ ಕೊರೆದು ಒಳಗೆ ದೀಪ ಇಡ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ ಅಲ್ಲಿ ಕುಂಬಳಕಾಯಿ ಸಿಕ್ಕಿತು, ಗೆಡ್ಡೆ ಬಿಟ್ಟರು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ನಾವೇನು ಮಾಡ್ತೀವಿ? ನಮ್ಮ ಅಜ್ಜಿ ಎಡೆ ಇಡುವಾಗ ಅಜ್ಜನಿಗೆ ಅಂತ ಹೋಳಿಗೆ, ಬದನೆಕಾಯಿ ಪಲ್ಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ರಮ್ಮು ಇಡ್ತಾಳೆ. ಮುಚ್ಚಳ ಸಡಿಲ ಮಾಡಿ ಇಡ್ತಾಳೆ, ಅಜ್ಜನಿಗೆ ಕೊನೆಗಾಲದಲ್ಲಿ ಕೈ ನಡುಗುತ್ತಿತ್ತು, ತೆಗೆಯೋಕೆ ಆಗ್ತಿರಲಿಲ್ಲ ಅಂತ. ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂರ್ತೀವಿ. ಆಮೇಲೆ ಆ ಕ್ವಾರ್ಟರ್ ಯಾವ ಚಿಕ್ಕಪ್ಪನ ಪಾಲು ಅನ್ನೋದೇ ಜಗಳ.

ನಾಮದೊಡ್ಡಿ ಮೇಷ್ಟ್ರು:
ಮುಚ್ಚಳದ ಮಾತು ಚೆನ್ನಾಗಿದೆ ತಾಯಿ. ನಡೆಸಿ.

ಗಂಗಾವತಿ ಮೊಮ್ಮಗಳು:
ಕುಂಬಳಕಾಯಿ ಕೂಡ ನಮ್ಮ ಹತ್ತಿರ ಇದೆಯಲ್ಲ. ಬೂದುಗುಂಬಳ. ಆಯುಧ ಪೂಜೆಗೆ ಮೇಲ್ಗಡೆ ಕೊರೆದು ಕುಂಕುಮ ಸುಣ್ಣ ತುಂಬಿ ರಸ್ತೆಗೆ ಒಡೀತಾರಲ್ಲ, ಅದಕ್ಕಿಂತ ಭಯ ಹುಟ್ಟಿಸೋ ರಕ್ತ ಯಾವ ಇಂಗ್ಲಿಷ್ ಪಾರ್ಟಿಯಲ್ಲೂ ನಾನು ನೋಡಿಲ್ಲ. ಮೈಮೇಲೆ ಬೂದಿ ಬೇರೆ, ಹೆಣದ ಮುಖದ ಹಾಗೇ ಇರುತ್ತೆ. ಕಣ್ಣು ಬಾಯಿ ಕೊರೆದು ಒಳಗೆ ಸಣ್ಣ ಬಲ್ಬ್ ಇಡಿ.

ಕೌಲ್‌ಬಜಾರ್ ಹುಡುಗ:
ಸೂಪರ್ ಐಡಿಯಾ ಅಕ್ಕಾ. ಅದನ್ನೇ ಕೊರೆದು ಪಂಚ್ ಹಾಕೋ ಪಾತ್ರೆ ಮಾಡಿದರೆ ಅಂತ ಅಮ್ಮನಿಗೆ ಕೇಳಿದೆ. ದೃಷ್ಟಿ ಕುಂಬಳದೊಳಗೆ ಹೆಂಡ ಹಾಕಿದರೆ ನಿನ್ನನ್ನೇ ಬಾಗಿಲಿಗೆ ಕಟ್ಟುತ್ತೀನಿ ಅಂದರು. ಬಲ್ಬ್ ಮಾತ್ರ. ಕಣ್ಣುಗುಡ್ಡೆಗೆ ಏನು ಮಾಡಲಿ?

ಹಳೆ ಬಾರ್‌ಮ್ಯಾನ್:
ಡಬ್ಬಿ ಲಿಚಿ. ಬೀಜ ತೆಗೆದೇ ಬರುತ್ತೆ. ಆ ತೂತಿಗೆ ಒಂದು ಕಪ್ಪು ದ್ರಾಕ್ಷಿ ತುರುಕು, ಕಡ್ಡಿಗೆ ಚುಚ್ಚು. ಬೆಳ್ಳನೆ ಗುಡ್ಡೆ, ಕಪ್ಪು ಪಾಪೆ. ನಮ್ಮ ಕಡೆ ತಾಟಿನಿಂಗು ಇನ್ನೂ ಚೆನ್ನಾಗಿರೋದು, ಆದರೆ ಅದು ಬೇಸಿಗೆ ಮಾಲು, ಅಕ್ಟೋಬರಲ್ಲಿ ಸಿಗಲ್ಲ. ಗ್ಲಾಸ್ ಅಂಚಿಗೆ ನಿಂಬೆ ಸವರಿ ಬ್ಯಾಡಗಿ ಪುಡಿ, ಉಪ್ಪು ಕಲಸಿದ್ದರಲ್ಲಿ ಅದ್ದು. ಬ್ಯಾಡಗಿ ಅಂದರೆ ಬ್ಯಾಡಗಿಯೇ, ಕೆಂಪು ಜಾಸ್ತಿ ಖಾರ ಕಡಿಮೆ. ಗುಂಟೂರು ಪುಡಿ ಹಾಕಿದರೆ ಬೆಂಗಳೂರಿನವರು ರಾತ್ರಿಯೇ ಬಸ್ ಹತ್ತುತ್ತಾರೆ.

ರಾಯಚೂರು ಬಿಸಿಲು:
ಫಾಲೂದಾ ಶಾವಿಗೆ ಹಾಕು, ಹುಳ ಇದ್ದ ಹಾಗಿರುತ್ತೆ. ಕಾಮಕಸ್ತೂರಿ ಬೀಜ ನೆನೆಸಿ ಹಾಕಿದರೆ ಕಪ್ಪೆ ಮೊಟ್ಟೆ. ಈ ಸಲ ತಮಾಷೆ ಅಲ್ಲ.

ಕೆಮಿಸ್ಟ್ರಿ ಅಕ್ಕ:
ನನ್ನಿಂದ ಇನ್ನೆರಡು. ಬೇಲಿ ಮೇಲೆ ನೀಲಿ ಶಂಖಪುಷ್ಪ ಇರುತ್ತಲ್ಲ, ಹತ್ತು ಒಣ ಹೂವು ಒಂದು ಲೋಟ ಬಿಸಿ ನೀರಿಗೆ ಹಾಕಿ ಐದು ನಿಮಿಷ ಬಿಟ್ಟು ಸೋಸು. ಕಡು ನೀಲಿ ನೀರು. ಅದಕ್ಕೆ ನಿಂಬೆ ಬಿದ್ದ ಕೂಡಲೇ ನೇರಳೆ, ಇನ್ನೂ ಬಿದ್ದರೆ ಗುಲಾಬಿ. ಹುಳಿಗೆ ಬಣ್ಣ ಬದಲಾಗುತ್ತೆ, ಲ್ಯಾಬಿನ ಲಿಟ್ಮಸ್ ಕಾಗದದ ಥರವೇ. ನಿಂಬೆ ರಸ ಸಣ್ಣ ಸೀಸೆಯಲ್ಲಿ ಬೇರೆ ಕೊಟ್ಟು, ಅವರೇ ಹಾಕಿಕೊಳ್ಳಲಿ. ಸೋಡಾ ಬೆರೆಸಬೇಡ, ಸೋಡಾನೂ ಸ್ವಲ್ಪ ಹುಳಿಯೇ, ನಿಂಬೆಗೆ ಮೊದಲೇ ನೀಲಿ ಮಂಕಾಗುತ್ತೆ.

ಎರಡನೇದು, ಟಾನಿಕ್ ವಾಟರ್. ಅದರಲ್ಲಿ ಕ್ವಿನೈನ್ ಇದೆ, ಮಲೇರಿಯಾಕ್ಕೆ ಕೊಡುತ್ತಿದ್ದ ಅದೇ ಕಹಿ. ಅಲ್ಟ್ರಾವೈಲೆಟ್ ದೀಪದ ಕೆಳಗೆ ತಿಳಿ ನೀಲಿ ಹೊಳೆಯುತ್ತೆ, ನಿಜವಾಗಿಯೂ ದೆವ್ವದ ಹಾಗೆ. ಪಾರ್ಟಿಗೆ ಹಾಕೋ ನೇರಳೆ ಬಲ್ಬ್ ನಡೆಯಲ್ಲ. ಅಂಗಡಿಯವರು ಕಳ್ಳನೋಟು ನೋಡೋಕೆ ಕೌಂಟರಲ್ಲಿ ಒಂದು ಸಣ್ಣ ಮಶೀನ್ ಇಟ್ಟಿರ್ತಾರಲ್ಲ, ಅದರ ಒಳಗಿನ ದೀಪ ಅದೇ. ಗರ್ಭಿಣಿಯರಿದ್ದರೆ, ಕ್ವಿನೈನ್ ಒಗ್ಗದವರಿದ್ದರೆ ಟಾನಿಕ್ ಕೊಡಬೇಡ.

ಕೌಲ್‌ಬಜಾರ್ ಹುಡುಗ:
ಅಕ್ಕಾ!! ನಮ್ಮ ದೋಸ್ತನದು ಜೀನ್ಸ್ ಅಂಗಡಿ, ಆ ಮಶೀನ್ ಇದೆ. ಕೇಳ್ತೀನಿ.

ಸುಮ್ನೆ ಓದೋನು:
ಕುಡಿಯದೇ ಇರೋರು ಏನು ಮಾಡಬೇಕು? ಇಂಥ ಪಾರ್ಟಿಗಳಲ್ಲಿ ನಮಗೆ ಯಾವಾಗಲೂ ಕೋಲಾ ಕೊಟ್ಟು ಮೂಲೆಗೆ ಕೂರಿಸ್ತಾರೆ.

ಹಳೆ ಬಾರ್‌ಮ್ಯಾನ್:
ದಾಳಿಂಬೆ ಸಿರಪ್, ನಿಂಬೆ, ಗೋಲಿ ಸೋಡಾ. ಅದೇ ಗ್ಲಾಸ್, ಅದೇ ಕಣ್ಣುಗುಡ್ಡೆ. ನಿಜ ಹೇಳಬೇಕಾ, ರುಚಿ ಅದರದೇ ಜಾಸ್ತಿ.

ಹುಡುಗಾ, ಲೆಕ್ಕ ಬರೆದುಕೋ. ಇಪ್ಪತ್ತರಲ್ಲಿ ಐದು ಜನ ಕುಡಿಯಲ್ಲ ಅಂದುಕೋ. ಹದಿನೈದು ಜನಕ್ಕೆ ತಲಾ ಎರಡು ಗ್ಲಾಸ್, ಗ್ಲಾಸಿಗೆ 45 ಮಿಲಿ. 1350 ಮಿಲಿ ಆಯ್ತು, 750ರ ಎರಡು ಬಾಟಲಿ ಸಾಕು. ನಮ್ಮ ಬಾಟಲಿಗಳು 42.8 ಪರ್ಸೆಂಟ್, ಹೊರದೇಶದ 40ರ ಅಳತೆ ನೋಡಿಕೊಂಡು ಕೈ ಬಿಟ್ಟು ಸುರಿಯಬೇಡ. ಸಿಹಿ ಇದ್ದರೆ ಎಷ್ಟು ಇಳಿಯಿತು ಅಂತಲೇ ಗೊತ್ತಾಗಲ್ಲ, ಬಾರಲ್ಲಿ ನಾನು ಎತ್ತಿ ಆಟೋಕ್ಕೆ ಹಾಕಿದವರೆಲ್ಲ ಸಿಹಿ ಕುಡಿದವರೇ. ವೋಡ್ಕಾ ಅಥವಾ ಬಿಳಿ ರಮ್ ತಗೋ, ಕಂದು ರಮ್ಮಿಗೆ ಬಣ್ಣ ಕೆಡುತ್ತೆ. ಯಾರಾದರೂ ಸೇಂದಿ ತರ್ತೀನಿ ಅಂದರೆ ಬೇಡ ಅನ್ನು. ನಮ್ಮ ಕಡೆ ಸೇಂದಿಯಲ್ಲಿ ಮರದ್ದೆಷ್ಟು, ನಶೆಗೆ ಬೆರೆಸೋ ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್) ಎಷ್ಟು ಅಂತ ಬ್ರಹ್ಮನಿಗೂ ಗೊತ್ತಿಲ್ಲ.

ಗ್ಲಾಸಿಗೆ ತುಂಬ ಐಸ್, 45 ವೋಡ್ಕಾ, 15 ನಿಂಬೆ, 90 ಅನಾನಸ್ ಜ್ಯೂಸ್, ಕೊನೆಗೆ 15 ದಾಳಿಂಬೆ ಸಿರಪ್ ಅಂಚಿಂದ. ಐಸ್ ಮಾತ್ರ ಮನೆಯಲ್ಲೇ ಮಾಡು, ಮೀನಿನ ಗಡ್ಡೆ ಐಸ್ ಒಡೆದು ಹಾಕಬೇಡ.

ಕುಷ್ಟಗಿ ತೋಟ:
ಒಂದು ನಿಮಿಷ. ಮೇಲೆ ಅನಾನಸ್, ಕೆಳಗೆ ದಾಳಿಂಬೆ. ಮೇಲೆ ಹಳದಿ, ಕೆಳಗೆ ಕೆಂಪು. ಇದು ನಮ್ಮ ಕನ್ನಡದ ಬಾವುಟ ಆಗಲಿಲ್ವಾ?

ರಾಯಚೂರು ಬಿಸಿಲು:
ಯಪ್ಪಾ. ಹನ್ನೆರಡು ಗಂಟೆವರೆಗೆ ರಕ್ತ, ಆಮೇಲೆ ರಾಜ್ಯೋತ್ಸವ. ಮೇಷ್ಟ್ರೇ ಎಲ್ಲಿದ್ದೀರಿ?

ನಾಮದೊಡ್ಡಿ ಮೇಷ್ಟ್ರು:
ಬಾವುಟದ ಬಣ್ಣಕ್ಕೆ ಹೆಂಡ ಬೆರೆಸಿದರೆ ನಾನೇ ಬಂದು ಚೆಲ್ಲುತ್ತೇನೆ. ವೋಡ್ಕಾ ಇಲ್ಲದೆ ಮಾಡಿದರೆ ನನಗೂ ಒಂದು ಗ್ಲಾಸ್ ಎತ್ತಿಡಿ.

ಕೌಲ್‌ಬಜಾರ್ ಹುಡುಗ:
ಆಗಲಿ ಸರ್. ಹನ್ನೆರಡಕ್ಕೆ ಬಾಟಲಿ ಒಳಗೆ, ಜ್ಯೂಸ್ ಹೊರಗೆ.

ಕೌಲ್‌ಬಜಾರ್ ಹುಡುಗ (ನವೆಂಬರ್ 2):
ಕಥೆ ಹೇಳೋಕೆ ಬಂದೆ. ಮೊದಲು ಕೆಟ್ಟದ್ದು. ಮೆಡಿಕಲ್ ಶಾಪಿನ ಗ್ಲೌಸಲ್ಲಿ ನೀರು ತುಂಬಿ ಐಸಿನ ಕೈ ಮಾಡೋಣ ಅಂತ ನಾನೇ ತಲೆ ಓಡಿಸಿದ್ದೆ, ಇಲ್ಲಿ ಕೇಳಿರಲಿಲ್ಲ. ಒಳಗೆ ಬಿಳಿ ಪೌಡರ್ ಇರುತ್ತೆ, ಪೌಡರ್ ಇಲ್ಲದ್ದು ತಗೊಂಡು ತೊಳೀಬೇಕು ಅಂತ ತಂಗಿ ಹೇಳಿದ ಮೇಲೆ ಗೊತ್ತಾಗಿದ್ದು. ಹೊಸದು ತಂದು ಫ್ರೀಜರಿಗೆ ಇಟ್ಟರೆ ಮಧ್ಯಾಹ್ನ ಎರಡು ತಾಸು ಕರೆಂಟ್ ಹೋಯ್ತು. ರಾತ್ರಿ ಗ್ಲೌಸ್ ಕತ್ತರಿಸಿ ಎಳೆದರೆ ಎರಡು ಬೆರಳು ಮುರಿದು ಕೈಗೆ ಬಂದವು. ಹಾಗೇ ಬೋಗುಣಿಗೆ ಹಾಕಿದೆ, ಮೂರು ಬೆರಳಿನ ಕೈ ಒಂದು ಕಡೆ, ಬಿದ್ದ ಬೆರಳು ಒಂದು ಕಡೆ. ಅದನ್ನು ನೋಡಿಯೇ ಒಬ್ಬಳು ಕಿರುಚಿದ್ದು. ನಲವತ್ತು ನಿಮಿಷಕ್ಕೆ ಪೂರ್ತಿ ನೀರು.

ಶಾವಿಗೆ ಐಡಿಯಾ ಕೊಟ್ಟ ಅಣ್ಣನಿಗೆ ದೊಡ್ಡ ನಮಸ್ಕಾರ. ಅರ್ಧ ತಾಸಿಗೆ ಅದು ಉಬ್ಬಿ ಗ್ಲಾಸಿನ ತಳದಲ್ಲಿ ಗಂಜಿ ಆಗಿತ್ತು. ಯಾರೋ ಚಮಚ ಕೇಳಿ ತಿಂದರು.

ನೋಟಿನ ಮಶೀನ್ ಮಾತ್ರ ಏನು ಹೇಳಲಿ. ದೋಸ್ತ ಅದನ್ನು ಬಟ್ಟೆ ಚೀಲದಲ್ಲಿ ಮಗು ಎತ್ತಿಕೊಂಡ ಹಾಗೆ ತಂದ. ಅಡ್ಡ ಮಲಗಿಸಿ, ದೀಪದ ಎದುರಿಗೆ ಟಾನಿಕ್ ಗ್ಲಾಸ್ ಇಟ್ಟು, ಮಾಳಿಗೆ ಲೈಟ್ ಆರಿಸಿದೆ. ಗ್ಲಾಸ್ ಒಳಗಿಂದ ನೀಲಿ ಬೆಳಕು ಎದ್ದು ಬಂತು, ಹಿಂದೆ ಕೂತವರ ಬಿಳಿ ಅಂಗಿಯ ಕಾಲರೂ ಹೊಳೆಯಿತು, ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಆದರೆ ಒಂದು ಅರ್ಥ ಆಗಲಿಲ್ಲ ಅಕ್ಕಾ, ಉಪ್ಪು ಖಾರದ ಅಂಚು ಹಾಕಿದ್ದ ಒಂದು ಗ್ಲಾಸ್ ಹೊಳೆಯಲೇ ಇಲ್ಲ, ಅದೇ ಬಾಟಲಿಯ ಟಾನಿಕ್ಕು.

ಕೆಮಿಸ್ಟ್ರಿ ಅಕ್ಕ:
ಉಪ್ಪು ಒಳಗೆ ಬಿದ್ದಿರುತ್ತೆ. ಉಪ್ಪಿನ ಕ್ಲೋರೈಡ್ ಕ್ವಿನೈನ್ ಹೊಳಪನ್ನು ನುಂಗಿ ಹಾಕುತ್ತೆ. ಇದನ್ನು ನಾನು ಹುಡುಗರಿಗೆ ಪಾಠ ಮಾಡ್ತೀನಿ, ನಿನಗೆ ಹೇಳೋಕೆ ಮರೆತೆ. ಮುಂದಿನ ಬ್ಯಾಚಿಗೆ ನಿನ್ನ ಗ್ಲಾಸೇ ಉದಾಹರಣೆ.

ಕೌಲ್‌ಬಜಾರ್ ಹುಡುಗ:
ಹಾಗಾದರೆ ಅದು ಮೋಹಿನಿ ಕಾಟ ಅಂತ ನಾವು ಕಟ್ಟಿದ ಕಥೆ ವೇಸ್ಟ್. ಬಾಟಲಿ ಹನ್ನೊಂದೂವರೆಗೇ ಮುಗಿಯಿತು. ಟೇಬಲ್ ಮುಂದೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದು ನಾನು ಕೆಳಗೆ ಹೋದೆ. ಬೆಂಗಳೂರಿನವರಿಗೆ ಅರ್ಥ ಆಗಲಿಲ್ಲ, ನಮ್ಮ ಹುಡುಗರು ಬಿದ್ದು ಬಿದ್ದು ನಕ್ಕರು, ಆಮೇಲೆ ಬಾಗಿಲ ಮೇಲೆ ಹಾಗೆ ಯಾಕೆ ಬರೀತಿದ್ದರು ಅಂತ ಅವರಿಗೆ ಹೇಳೋಕೇ ಅರ್ಧ ತಾಸು ಹೋಯ್ತು. ಹನ್ನೆರಡಕ್ಕೆ ಹಳದಿ ಕೆಂಪು ಜ್ಯೂಸ್. ಅಮ್ಮನೂ ಮೇಲೆ ಬಂದು ಕುಡಿದರು. ಬೆಳಗ್ಗೆ ಏಳೂವರೆಗೆ ಕಂಬದ ಹತ್ತಿರ ಇದ್ದೆ ಸರ್, ಕನ್ನಡಕ ಹಾಕಿಕೊಂಡು.

ನಾಮದೊಡ್ಡಿ ಮೇಷ್ಟ್ರು:
ನನ್ನ ಗ್ಲಾಸ್?

ಕೌಲ್‌ಬಜಾರ್ ಹುಡುಗ:
ಸಿರಪ್ ಒಂದು ಬಾಟಲಿ ಉಳಿದಿದೆ ಸರ್, ಫ್ರಿಜ್ಜಲ್ಲಿದೆ. ಬಳ್ಳಾರಿಗೆ ಬಂದಾಗ ಹೇಳಿ. ಅಮ್ಮ ಅದನ್ನು ದೋಸೆಗೆ ಹಚ್ಚಿಕೊಂಡು ಖಾಲಿ ಮಾಡೋದರೊಳಗೆ ಬನ್ನಿ.

ಕುಷ್ಟಗಿ ತೋಟ:
ಹಣ್ಣು ಕಳಿಸಿದ್ದ ಪ್ಲಾಸ್ಟಿಕ್ ಕ್ರೇಟ್ ಎರಡು ಇದ್ದವು. ಅವು ವಾಪಸ್ ಬಂದಿಲ್ಲ.